ನೇರ ಮಾತಿನ ಕೋಣೆ

ಮೊದಲನೇ ದಿನವೇ ನಾನು ಅವನಿಗೆ ಬೈದುಬಿಟ್ಟೆ. ಆಮೇಲೆ ಪ್ರೀತಿಸಿದೆ ಅನ್ನೋದು ಬೇರೆ ಮಾತು.

"ಮಗುವಿಗೆ ಏನಂತ ಹೇಳಿದ್ದೀರಾ?" ಅಂತ ಕೇಳಿದ್ದಕ್ಕೆ, ಕೈಯಲ್ಲಿ ಹಿಡಿದಿದ್ದ ಪುಟ್ಟ ಚಪ್ಪಲಿಗಳನ್ನೇ ನೋಡುತ್ತಾ ಅಂದ, "ಅಮ್ಮ ಸ್ವಲ್ಪ ದಿನ ದೂರ ಹೋಗಿದ್ದಾಳೆ ಅಂತ, ಮೇಡಂ."

"ಅಯ್ಯೋ, ಎಂಥಾ ಕೆಲಸ ಮಾಡಿದ್ರಿ! ದೂರ ಹೋದವರು ವಾಪಸ್ ಬರ್ತಾರೆ ಅಂತ ತಾನೇ ಮಗು ಅಂದುಕೊಳ್ಳೋದು? ದಿನಾ ಬಾಗಿಲು ಕಾಯ್ತಾ ಕೂತ್ರೆ?"

"ಕೂತೇ ಇದ್ದಾಳೆ. ಅದಕ್ಕೇ ಕರ್ಕೊಂಡು ಬಂದೆ."



ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳ ಜೊತೆ, ಅವರ ಮನೆಯವರ ಜೊತೆ ಕೂತು ಆ ದುಃಖ ದಾಟಿಸೋದು ನನ್ನ ಕೆಲಸ. ಒಂದು ಕೋಣೆ, ಮರಳು ತುಂಬಿದ ದೊಡ್ಡ ತಟ್ಟೆ, ಗೊಂಬೆಗಳು, ಪುಟ್ಟ ಕುರ್ಚಿಗಳು, ಹಳದಿ ಪರದೆ. ಇಲ್ಲಿ ಕಟ್ಟುನಿಟ್ಟು ಅಂದರೆ ಒಂದೇ: ಸತ್ತವರನ್ನು ಸತ್ತರು ಅಂತಲೇ ಹೇಳಬೇಕು. ಮಲಗಿದ್ದಾರೆ, ಹೋಗಿದ್ದಾರೆ, ನಕ್ಷತ್ರ ಆಗಿದ್ದಾರೆ, ಯಾವುದೂ ನಡೆಯೋದಿಲ್ಲ. ಮಕ್ಕಳು ಮಾತನ್ನು ಹೇಳಿದ ಹಾಗೇ ನಂಬುತ್ತಾರೆ.

ಆ ದಿನ ಅವನೇ ಹೇಳಿದ, ನಾನು ಪಕ್ಕದಲ್ಲಿ ಕೂತಿದ್ದೆ. "ಚಿಟಿಕೆ, ಅಮ್ಮ ಸತ್ತುಹೋಗಿದ್ದಾಳೆ ಕಣೇ. ಇನ್ನು ಬರಲ್ಲ." ಹುಟ್ಟಿದಾಗ ಅಷ್ಟು ಸಣ್ಣಗಿದ್ದಳಂತೆ, ಅದಕ್ಕೆ ಚಿಟಿಕೆ. ಈಗ ಆರು ವರ್ಷ. ಅಪ್ಪ ಬೇರೆ ಸಂಸಾರ ಕಟ್ಟಿಕೊಂಡು ವರ್ಷಗಳೇ ಆಗಿದ್ದವು. ಇನ್ನು ಅವಳಿಗೆ ಉಳಿದದ್ದು ಈ ಸೋದರಮಾವ ಒಬ್ಬನೇ. ಅವಳು ಅವನ ಕುತ್ತಿಗೆಗೆ ಜೋತುಬಿದ್ದು ಅತ್ತಳು, ಅಂಗಿಯೆಲ್ಲ ಒದ್ದೆ ಮಾಡಿದಳು.

ಆಮೇಲೆ ಪ್ರತಿ ಗುರುವಾರ, ನಾಲ್ಕು ಗಂಟೆಗೆ.

ಅವನದು ಕನ್ನಡಕದ ಅಂಗಡಿ. ಬೇರೆಯವರ ಕಣ್ಣು ನೋಡೋದೇ ಕಸುಬು. ಆ ಅಭ್ಯಾಸದಲ್ಲಿ ನನ್ನನ್ನೂ ಹಾಗೇ ನೋಡುತ್ತಿದ್ದ: ಎಡಗಣ್ಣು ಒಂದು ಕ್ಷಣ, ಬಲಗಣ್ಣು ಒಂದು ಕ್ಷಣ, ಆಮೇಲೆ ಎರಡೂ ಸೇರಿಸಿ, ನಿಧಾನವಾಗಿ. ಆ ಮೂರನೇ ನೋಟಕ್ಕೆ ನನ್ನ ಕೈಲಿದ್ದ ಪೆನ್ನು ಎಲ್ಲಿದೆ ಅನ್ನೋದೇ ಮರೆತುಹೋಗುತ್ತಿತ್ತು.

"ಕಣ್ಣು ಟೆಸ್ಟ್ ಮಾಡಿಸಿ ಎಷ್ಟು ವರ್ಷ ಆಯ್ತು ಮೇಡಂ? ಫೈಲನ್ನ ಮೂಗಿಗೆ ತಾಗಿಸಿಕೊಂಡು ಓದ್ತೀರಾ."

"ನನ್ನ ಮೂಗು, ನನ್ನಿಷ್ಟ."

"ಹೌದು ಬಿಡಿ. ಮೂಗಿಗೇನಾಗಿದೆ, ಚೆನ್ನಾಗೇ ಇದೆ."

ಅಷ್ಟೇ. ಅಷ್ಟಕ್ಕೇ ಸಂಜೆ ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿಹೋಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದೆ, ಬೇಜಾರೇ ಆಗಲಿಲ್ಲ. ಬೀದಿಯ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು, ಗಾಳಿ ಹಿತವಾಗಿತ್ತು, ನನ್ನ ಕಾಲು ನೆಲದ ಮೇಲಿರಲಿಲ್ಲ. ಗುರುವಾರಗಳ ನಡುವೆ ಇರುವ ಆರು ದಿನ ಯಾರಿಗೆ ಬೇಕಿತ್ತು?

ಒಂದು ಗುರುವಾರ ಚಿಟಿಕೆ ಮರಳಿನಲ್ಲಿ ಏನೋ ಕಟ್ಟುತ್ತಾ ಅಮ್ಮನ ಬಗ್ಗೆ ಹೇಳುತ್ತಿದ್ದಳು. ನಾನು ಗಾಜಿನಾಚೆ ಕಾರಿಡಾರಿನ ಬೆಂಚಿನಲ್ಲಿ ಕೂತವನನ್ನು ನೋಡುತ್ತಿದ್ದೆ. "ಮಿಸ್, ನಾನು ಏನು ಹೇಳಿದೆ ಹೇಳಿ?" ಅಂದಳು. ನನಗೆ ಗೊತ್ತಿರಲಿಲ್ಲ.

ಮರುದಿನವೇ ದೊಡ್ಡ ಮೇಡಂ ಹತ್ತಿರ ಹೋಗಿ ಎಲ್ಲಾ ಹೇಳಿದೆ. ನಮ್ಮ ಸಂಸ್ಥೆ ನಡೆಸೋರು ಅವರೇ.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಬೇರೆಯವರಿಗೆ ಕಾಣಲ್ವೇನೇ?" ಅಂದರು. ಬೈಯಲಿಲ್ಲ. "ಮಗು ಫೈಲನ್ನ ಪಕ್ಕದ ಕೋಣೆಯವಳಿಗೆ ಕೊಡು. ಮಗುವಿನ ಕೆಲಸ ಮುಗಿಯೋವರೆಗೂ ಅವನ ಜೊತೆ ಓಡಾಟ ಗೀಡಾಟ ಏನೂ ಬೇಡ. ಆಮೇಲೆ ನಿಮ್ಮಿಷ್ಟ."

ನ್ಯಾಯವಾದ ಮಾತು. ಆದರೆ ನನಗೆ ನಿದ್ದೆ ಬರಲಿಲ್ಲ. ಅಮ್ಮನನ್ನು ಕಳೆದುಕೊಂಡ ಮಗುವಿಗೆ, 'ನಾನೂ ಇನ್ನು ಬರಲ್ಲ' ಅಂತ ಹೇಗೆ ಹೇಳೋದು? ಕಾರಣ ಕೇಳಿದರೆ? ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ.

ಮುಂದಿನ ಗುರುವಾರ ಮೂರೂವರೆಗೆ ಫೈಲಿಗೆ ಸಹಿ ಹಾಕಿ ಪಕ್ಕದ ಕೋಣೆಗೆ ಕೊಟ್ಟೆ. ನಾಲ್ಕಕ್ಕೆ ಚಿಟಿಕೆ ಎದುರು ಕೂತೆ. ಬಾಯಿ ತೆಗೆದೆ. ಬಂದದ್ದು ಇದು:

"ಚಿಟಿಕೆ, ಮಿಸ್ ಸ್ವಲ್ಪ ದಿನ ದೂರ ಹೋಗ್ತಾ ಇದ್ದಾರೆ ಪುಟ್ಟಾ."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದು ನಾನೇ.

ಮರಳಿನಲ್ಲಿದ್ದ ಅವಳ ಕೈ ನಿಂತಿತು. ಎದ್ದಳು, ಓಡಿದಳು, ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ತೋಳು ಅಗಲಿಸಿ ನಿಂತಳು. ನಾನು ಹೊರಗೆ ಹೋಗದ ಹಾಗೆ.

"ಮಿಸ್, ನೀವು ಸಾಯ್ತೀರಾ?"

"ಇಲ್ಲ ಚಿನ್ನ, ಇಲ್ಲ! ತಪ್ಪಾಯ್ತು, ನಾನು ಸುಳ್ಳು ಹೇಳಿದೆ. ನನಗೆ ಕಾಯಿಲೆ ಇಲ್ಲ. ನಾನು ಎಲ್ಲೂ ಹೋಗ್ತಾ ಇಲ್ಲ. ಇನ್ನು ಮೇಲೆ ನೀನು ಪಕ್ಕದ ಕೋಣೆ ಮಿಸ್ ಹತ್ರ ಬರ್ತೀಯ, ಅಷ್ಟೇ."

"ನಾನು ಯಾಕೆ ಬೇಡ ನಿಮಗೆ?"

ಆ ಬಾಗಿಲು ತೆಳು. ಆಚೆ ಬೆಂಚಿನ ಮೇಲೆ ಅವನಿದ್ದ. ಹೇಳಿದರೆ ಅವನಿಗೆ ಕೇಳಿಸುತ್ತದೆ. ಹೇಳದಿದ್ದರೆ ಈ ಕೂಸು ಜೀವಮಾನವೆಲ್ಲ 'ನಾನು ಬೇಡವಾದೆ' ಅಂದುಕೊಂಡೇ ಬೆಳೆಯುತ್ತದೆ. ಮಾನ ಹೋದರೆ ಹೋಗಲಿ ಅಂದುಕೊಂಡೆ. ಅವಳ ಮುಂದೆ ಮಂಡಿಯೂರಿದೆ.

"ನೀನು ಬೇಕು. ಆದ್ರೆ ನನಗೆ ನಿನ್ನ ಮಾಮ ಅಂದ್ರೆ ಇಷ್ಟ. ತುಂಬಾ ಇಷ್ಟ. ಅವರು ಆಚೆ ಕೂತಿದ್ರೆ ನೀನು ಹೇಳೋದು ನನಗೆ ಅರ್ಧ ಕೇಳಿಸಲ್ಲ. ನಿನಗೆ ಪೂರ್ತಿ ಕೇಳಿಸ್ಕೊಳ್ಳೋರು ಬೇಕು. ಅದಕ್ಕೇ ಆ ಮಿಸ್."

ಅವಳು ಯೋಚಿಸಿದಳು. ತೋಳು ನಿಧಾನಕ್ಕೆ ಇಳಿದವು.

"ಅಷ್ಟೇನಾ?"

"ಅಷ್ಟೇ."

"ಮಾಮಂಗೆ ಗೊತ್ತಾ?"

"ಇಲ್ಲ."

ತಿರುಗಿ ಬಾಗಿಲು ತೆಗೆದೇಬಿಟ್ಟಳು, ತರಲೆ! ಅವನು ಅಲ್ಲೇ ನಿಂತಿದ್ದ, ಕೈಯಲ್ಲಿ ಅವಳ ನೀರಿನ ಬಾಟಲಿ, ಕಿವಿ ಕೆಂಪಗೆ.

"ಈಗ ಗೊತ್ತಾಯ್ತು," ಅಂದ.

ಒಳಗೆ ಬಂದು ಮಕ್ಕಳ ಕುರ್ಚಿಯಲ್ಲಿ ಕೂತ. ಮಂಡಿ ಎದೆಗೆ ಬಂದಿತ್ತು. ಪರದೆಯ ಹಳದಿ ಬೆಳಕು ಮುಖದ ಮೇಲೆ ಬಿದ್ದು, ನಗುತ್ತಿದ್ದವನು ತುಂಬಾ ಚಿಕ್ಕವನಾಗಿ ಕಂಡ.

"ನನಗೂ ನೀವಂದ್ರೆ ಇಷ್ಟ. ಹೋದ ವಾರ ಎಷ್ಟು ಖುಷಿ ಆಗಿತ್ತು ಅಂದ್ರೆ, ಯಾರಿಗಾದ್ರೂ ಹೇಳ್ಬೇಕು ಅಂತ ಫೋನ್ ತೆಗೆದೆ. ಅಕ್ಕನ ನಂಬರ್ ಒತ್ತಿಬಿಟ್ಟೆ. ರಿಂಗೂ ಆಯ್ತು, ಮನೇಲಿ, ಅವಳ ಡ್ರಾಯರ್‌ನಲ್ಲಿ."

ನಗು ಅಲ್ಲಿಗೆ ಮುರಿಯಿತು. ಬಾಯಿ ತೆರೆದುಕೊಂಡು, ಮಗುವಿನ ಹಾಗೆ, ಬಿಕ್ಕಿ ಬಿಕ್ಕಿ ಅತ್ತ. ಚಿಟಿಕೆ ಅವನ ಬೆನ್ನು ಸವರುತ್ತಾ, "ಅಳು ಮಾಮ, ಪರವಾಗಿಲ್ಲ," ಅಂದಳು.

ನನ್ನ ತರಬೇತಿ ಏನು ಹೇಳುತ್ತದೆ ಗೊತ್ತು. ದೂರ ಕೂರಬೇಕು, ಕಾಯಬೇಕು. ಫೈಲು ನನ್ನ ಕೈ ಬಿಟ್ಟು ಮುಕ್ಕಾಲು ಗಂಟೆ ಆಗಿತ್ತು. ನಾನು ಅವನ ಕೈ ಹಿಡಿದುಕೊಂಡೆ.

"ಅಕ್ಕ ಫೋನ್ ಎತ್ತಿದ್ರೆ ಏನಂತಿದ್ರು?"

ಅಳುವಿನ ಮಧ್ಯೆ ಉಸಿರು ಎಳೆದುಕೊಂಡ. "'ಸುಮ್ನೆ ಕೊರೀಬೇಡ, ಮನೆಗೆ ಕರ್ಕೊಂಡು ಬಾ, ನಾನು ನೋಡ್ತೀನಿ' ಅಂತಿದ್ದಳು."

"ಬರ್ತೀನಿ," ಅಂದೆ. "ಮೊದಲು ಇವಳ ಕೆಲಸ ಮುಗೀಲಿ. ಬಂದೇ ಬರ್ತೀನಿ."