ಫರಸಿಯ ಮೇಲಿನ ನಾಲ್ಕನೆಯ ಹೆಸರು

ಚಿತ್ತಾಪುರದಲ್ಲಿ ಪಂದ್ಯ ಮುಗಿಸಿಕೊಂಡು ಆ ಭಾನುವಾರ ಸಂಜೆ ನಮ್ಮ ಲಾರಿ ರಾವೂರಿಗೆ ಬಂದು ನಿಂತಾಗ, ಮೊದಲು ಇಳಿದವರು ಕ್ಲಬ್ಬಿನ ಅಧ್ಯಕ್ಷ ಚಂದ್ರಾಮಪ್ಪ. ಮೊದಲು ಕೂಗಿದವರೂ ಅವರೇ.

"ಯಾವ ಹಲ್ಕಟ್ ಮಾಡ್ಯಾನ ಇದು?"

ನಮ್ಮ ಫರಸಿ ಕ್ರಿಕೆಟ್ ಕ್ಲಬ್ಬಿನ ಕೋಣೆಯ ಹೊರಗೋಡೆಗೆ ಫರಸಿ ಕಲ್ಲಿನ ಒಂದು ಹಲಗೆ ಕೂರಿಸಿದ್ದೆವು. ೧೯೫೭ರಲ್ಲಿ ಕ್ಲಬ್ಬು ಕಟ್ಟಿದ ಹನ್ನೊಂದು ಮಂದಿಯ ಹೆಸರನ್ನು ಅದರಲ್ಲಿ ಕೆತ್ತಲಾಗಿತ್ತು. ಈಗ ನಾಲ್ಕನೆಯ ಹೆಸರು ಇರಲಿಲ್ಲ. ಪೀರಪ್ಪ ಎಂದು ಇದ್ದ ಜಾಗದಲ್ಲಿ ಕಲ್ಲು ಬೆಳ್ಳಗೆ ಕಾಣುತ್ತಿತ್ತು.

ಮುಂದಿನ ಭಾನುವಾರ ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು; ಅಂದು ಸಭೆ, ಆಮೇಲೊಂದು ಪಂದ್ಯ ಇಟ್ಟುಕೊಂಡಿದ್ದೆವು. ಕಾರ್ಯದರ್ಶಿಯಾಗಿ ನಾನು ಕ್ಲಬ್ಬಿನ ಚರಿತ್ರೆ ಬರೆದಿದ್ದೆ. ಅದರ ಅಚ್ಚಿನ ಕರಡು ಹಿಂದಿನ ಶುಕ್ರವಾರದ ಸಭೆಗೆ ಬಂದಿತ್ತು. ಆ ಸಭೆಯಲ್ಲಿ, ಹನ್ನೊಂದು ಮಂದಿಯಲ್ಲೊಬ್ಬರಾದ ಕಲ್ಲುಕುಟಿಗ ಬಂದೇಅಲಿ ಕರಡನ್ನು ಓದಿ, "ಇದು ಚರಿತ್ರಾ ಅಲ್ಲ" ಎಂದು ಅದನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ಹೋಗಿದ್ದರು. ಚಿತ್ತಾಪುರಕ್ಕೂ ಬಂದಿರಲಿಲ್ಲ.

"ಉಳಿ ಹಿಡಿಯಾಂವ ಊರಾಗ ಉಳದಿದ್ದು ಅಂವ ಒಬ್ಬನೇ" ಎಂದರು ಚಂದ್ರಾಮಪ್ಪ. "ನಮ್ಮ ಪೀರಪ್ಪನ ಹೆಸರ ಅಳಸ್ತಾನ? ನೋಡ್ಕೊಳ್ರಿ ಇವರ ಧೈರ್ಯಾ!"

"ಇವರ" ಎಂಬ ಆ ಒಂದು ಮಾತೇ ಸಾಕಾಯಿತು. ಕತ್ತಲಾಗುವುದರೊಳಗೆ ಬಂದೇಅಲಿಯವರ ಬಾಗಿಲಿಗೆ ಕಲ್ಲು ಬಿದ್ದವು. ಮುದುಕ ಹೊಸಲಿನಲ್ಲಿ ನಿಂತು, "ನಾ ಮಾಡಿಲ್ಲ. ಯಾರು ಮಾಡ್ಯಾರಂತ ಕೇಳಬ್ಯಾಡ್ರಿ, ಹೇಳಂಗಿಲ್ಲ" ಎಂದಷ್ಟೇ ಹೇಳಿದರು. ಭಾನುವಾರದ ಸಭೆಯಲ್ಲಿ ಅವರನ್ನು ಕ್ಲಬ್ಬಿನಿಂದ ತೆಗೆದು ಪೊಲೀಸರಿಗೆ ಒಪ್ಪಿಸುವುದೆಂದು ಚಂದ್ರಾಮಪ್ಪ ಸಾರಿಬಿಟ್ಟರು.

ಮರುದಿನ ಬೆಳಿಗ್ಗೆ ನಾನು ಅನಸುಬಾಯಿಯವರ ಮನೆಗೆ ಹೋದೆ. ೧೯೫೯ರಲ್ಲಿ ಸರಕಾರಿ ದವಾಖಾನೆಗೆ ನರ್ಸ್ ಆಗಿ ಬಂದ ಅವರು ನಿವೃತ್ತಿಯಾದ ಮೇಲೂ ರಾವೂರಿನಲ್ಲೇ ಉಳಿದಿದ್ದರು. ನಾನು ಅವರ ಕೈಕೆಳಗೆ ಕಂಪೌಂಡರ್ ಆಗಿದ್ದವನು. ಊರಲ್ಲಿ ಏನು ಕಳುವಾದರೂ, ಯಾರು ಕಾಣೆಯಾದರೂ ಜನ ಠಾಣೆಗಿಂತ ಮೊದಲು ಅವರ ಕಟ್ಟೆಗೆ ಬರುತ್ತಿದ್ದರು. ಬಂದವರ ಮಾತಿಗಿಂತ ಅವರ ಕೈಕಾಲು, ಉಗುರು, ಚಪ್ಪಲಿಗಳ ಮೇಲೆಯೇ ಅನಸುಬಾಯಿಯವರ ಕಣ್ಣು.

ಎಲ್ಲ ಕೇಳಿದವರೇ ಅವರು ಕ್ಲಬ್ಬಿನ ಕೋಣೆಗೆ ಬಂದರು. ಬೆಳ್ಳಗಾದ ಜಾಗದ ಮೇಲೆ ಬೆರಳಾಡಿಸಿದರು.

"ಸಿಟ್ಟಿನ್ಯಾಗ ಬಡದದ್ದಲ್ಲ ರಾಮಲಿಂಗ. ಮ್ಯಾಲಿನ ಹೆಸರಿಗಿ, ಕೆಳಗಿನ ಹೆಸರಿಗಿ ಒಂದು ಗೀರಿಲ್ಲ. ಹೆಂಗ ಸಪಾಟ ಮಾಡ್ಯಾನ ನೋಡು."

ಆಮೇಲೆ ಉಳಿದ ಹತ್ತು ಹೆಸರುಗಳ ಅಕ್ಷರಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. "ಈ ಹೆಸರ ಕೆತ್ತಿದ್ದು ಯಾರು?"

"ಹೈದರಾಬಾದಿನ ಕಾರಿಗರು ಅಂತ ಅಧ್ಯಕ್ಷರು ಹೇಳಿದ್ರು ಅಕ್ಕಾರ. ನಾ ಕ್ಲಬ್ಬಿಗಿ ಬಂದದ್ದು ಅರವತ್ತರಾಗ."

ಅಲ್ಲಿಂದ ನಾವು ಬಂದೇಅಲಿಯವರ ಅಂಗಳಕ್ಕೆ ಹೋದೆವು. ಅವರು ಒಂದು ಕಂಬ ಕೆತ್ತುತ್ತಿದ್ದರು. ಬಾಯಿಯವರು ಏನೂ ಕೇಳದೆ ಬಲಗೈಯ ಸುತ್ತಿಗೆ ಏರಿಳಿಯುವುದನ್ನು ಸ್ವಲ್ಪ ಹೊತ್ತು ನೋಡಿ, "ಬರ್ತೀವ್ರಿ ಭಾಯಿ" ಎಂದು ಎದ್ದರು.

ಮಧ್ಯಾಹ್ನ ನನ್ನಿಂದ ಹಳೆಯ ಸ್ಕೋರ್ ಪುಸ್ತಕಗಳನ್ನೆಲ್ಲ ತರಿಸಿಕೊಂಡರು. ೧೯೬೧ರ ಕೊನೆಯ ಪಂದ್ಯದ ಪುಟ ನನ್ನ ಕೈಬರಹದಲ್ಲೇ ಇತ್ತು: ಪೀರಪ್ಪ, ಎಡಗೈ ಬೌಲರ್, ಏಳು ವಿಕೆಟ್. ಅದಾದ ಮೇಲೆ ಒಂದು ಪುಟದಲ್ಲೂ ಪೀರಪ್ಪನಿಲ್ಲ. ಊರು ಬಿಟ್ಟು ಶಹಾಬಾದಿಗೆ ಹೋಗಿದ್ದ.

"ಆಟ ಯಾಕ ಬಿಟ್ಟ?"

"ಪುಸ್ತಕದಾಗ ಬರ್ದೀನಲ್ರಿ. ಆರೋಗ್ಯ ಕೆಟ್ಟಿತ್ತು."

ಬಾಯಿಯವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಶನಿವಾರ ವಾಡಿ ಸ್ಟೇಶನ್ನಿನಿಂದ ಪ್ಯಾಸೆಂಜರ್ ರೈಲು ಹತ್ತಿ ಒಬ್ಬರೇ ಶಹಾಬಾದಿಗೆ ಹೋಗಿ ಬಂದರು.

ಭಾನುವಾರ ಕೋಣೆಯ ಮುಂದೆ ಊರಿಗೆ ಊರೇ ಸೇರಿತ್ತು. ಬಂದೇಅಲಿಯವರನ್ನು ಕುರ್ಚಿ ಕೊಡದೆ ನಿಲ್ಲಿಸಿದ್ದರು. ಚಂದ್ರಾಮಪ್ಪ ಮಾತು ಶುರುಮಾಡುವ ಮೊದಲೇ ಅನಸುಬಾಯಿ ಎದ್ದರು.

"ಮೊದಲ ಆ ಮುದುಕಗ ಕುರ್ಚಿ ಹಾಕ್ರಿ. ಅವರು ಮಾಡಿಲ್ಲ."

ಗದ್ದಲವಾಯಿತು. ಬಾಯಿಯವರ ದನಿ ಅದರ ಮೇಲೆ ಏರಿತು.

"ಬಲಗೈಯಾಗ ಸುತ್ತಿಗಿ ಹಿಡದಾಂವ ಹೊಡದ್ರ ಉಳಿ ಬಲದಿಂದ ಎಡಕ್ಕ ಓಡ್ತದ. ಬಂದೇಅಲಿ ಬಲಗೈಯವರು. ಇಲ್ಲಿ ಗೀರು ಎಡದಿಂದ ಬಲಕ್ಕ ಓಡ್ಯಾವ. ಹೆಸರ ತಗದಾಂವ ಎಡಗೈಯಾಂವ. ಇನ್ನೊಂದು ಮಾತು. ಉಳಿದ ಹತ್ತು ಹೆಸರಿನ ಗೀರೂ ಹಂಗೇ ಓಡ್ಯಾವ. ಉಳಿಯ ಅಗಲಾನೂ ಅದೇ. ಅಂದ್ರ ಇಪ್ಪತ್ತೈದು ವರ್ಷದ ಹಿಂದ ಹೆಸರ ಕೆತ್ತಿದ ಕೈಯೇ ಮೊನ್ನಿ ಹೆಸರ ತಗದದ. ಹೈದರಾಬಾದಿನ ಕಾರಿಗರು ರಾವೂರಿಗಿ ಬಂದು ಒಂದೇ ಹೆಸರ ಯಾಕ ತಗೀತಾರ?"

ಬಾಯಿಯವರು ಹಳೆಯ ಸ್ಕೋರ್ ಪುಸ್ತಕವನ್ನು ಎತ್ತಿ ಹಿಡಿದರು.

"ಹನ್ನೊಂದು ಮಂದ್ಯಾಗ ಎಡಗೈಯಾಂವ ಒಬ್ಬನೇ. ಸ್ಕೋರ್ ಪುಸ್ತಕದಾಗ ಅದ. ಆರೋಗ್ಯ ಕೆಟ್ಟು ಬಿಟ್ಟ ಅಂತ ಚರಿತ್ರಾದಾಗ ಬರ್ದಾರ. ಆ ವರ್ಷ ದವಾಖಾನ್ಯಾಗ ನಾ ಇದ್ದೆ. ಒಂದು ಜ್ವರದ ಗುಳಿಗಿ ಸುದ್ದಾ ಅವನಿಗಿ ಕೊಟ್ಟಿಲ್ಲ. ಮತ್ತ ಬಾಗಲಿಗಿ ಕಲ್ಲು ಬಿದ್ರೂ ಬಂದೇಅಲಿ ಯಾಕ ಬಾಯಿ ಬಿಡಲಿಲ್ಲ? ಕಣ್ಣಾರೆ ನೋಡಿದ್ರು. ಗೆಳೆಯಾಗ ಮಾತು ಕೊಟ್ಟಿದ್ರು."

ಬೇವಿನ ಮರದ ಹಿಂದಿನಿಂದ ಒಬ್ಬ ಮನುಷ್ಯ ಮುಂದೆ ಬಂದ. ಕೂದಲು ನರೆತಿತ್ತು. ಆದರೆ ಆ ಭುಜದ ಓಲಾಟ ನೋಡಿದ ಕೂಡಲೇ ನನಗೆ ಗುರುತು ಹತ್ತಿತು.

"ನಾನೇ ತಗದೀನಿ" ಎಂದ ಪೀರಪ್ಪ. "ನಾ ಕೆತ್ತಿದ್ದು, ನಾ ತಗದೀನಿ. ಶುಕ್ರವಾರ ಬಂದೇಅಲಿ ಶಹಾಬಾದಿಗಿ ಬಂದು ಆ ಕಾಗದ ಓದಿ ತೋರಿಸಿದ. ಆರೋಗ್ಯ ಕೆಟ್ಟಿತ್ತಂತ! ಅಂಥಾ ಸುಳ್ಳಿನ ಸಂಗಾಟ ನನ್ನ ಹೆಸರ ಈ ಗೋಡಿ ಮ್ಯಾಲ ಬ್ಯಾಡ. ಇವನ ಮನಿಗಿ ಕಲ್ಲು ಒಗದೀರಂತ ನಿನ್ನಿ ಬಾಯಾರು ಹೇಳಿದ ಮ್ಯಾಲೇ ಗೊತ್ತಾತು. ಆವತ್ತೇ ತಿಳದಿದ್ರ ಆವತ್ತೇ ಬರ್ತಿದ್ದೆ."

ಚಂದ್ರಾಮಪ್ಪ ನಗಲು ನೋಡಿದರು. "ಆತು ಬಿಡೋ ಪೀರಪ್ಪಾ, ಹಳೀ ಮಾತು. ಮತ್ತ ಕೆತ್ತಿಬಿಡು, ಕ್ಲಬ್ಬಿನವ್ರು ಮಾಫ್ ಮಾಡ್ತೀವಿ."

"ಮಾಫ್ ಮಾಡಾಂವ ನೀನಾ?" ಪೀರಪ್ಪನ ಕೊರಳ ನರ ಉಬ್ಬಿತು. ಅವನು ನನ್ನ ಕಡೆ ತಿರುಗಿ ಆ ಕರಡನ್ನು ಮುಂದೆ ಚಾಚಿದ. "ಬರ್ದಾಂವ ಇಲ್ಲೇ ಅದಾನಲ್ಲ. ಓದು. ಎಲ್ಲಾರಿಗಿ ಕೇಳೂ ಹಂಗ ಓದು."

ನಾನು ಬರೆದ ಸಾಲನ್ನು ನಾನೇ ಓದಿದೆ. "ಶ್ರೀ ಪೀರಪ್ಪನವರು ಅನಾರೋಗ್ಯದ ಕಾರಣ ಆಟದಿಂದ ನಿವೃತ್ತರಾದರು."

ಅನಸುಬಾಯಿ ಮೆಲ್ಲಗೆ ಕೇಳಿದರು. ಇಪ್ಪತ್ತು ವರ್ಷದ ಒಡನಾಟದಲ್ಲಿ ಅವರ ದನಿ ಅಷ್ಟು ತಣ್ಣಗಿದ್ದುದನ್ನು ನಾನು ಕೇಳಿರಲಿಲ್ಲ. "ಪೀರಪ್ಪನ ಆ ಕೊನೀ ಪಂದ್ಯ ಗೆದ್ದ ದಿನ ಚಂದ್ರಾಮಪ್ಪನ ಮನ್ಯಾಗ ಊಟ ಇತ್ತು. ನೀ ಹೋಗಿದ್ದಿ. ಏನಾತು ಹೇಳು ರಾಮಲಿಂಗ."

ಚಂದ್ರಾಮಪ್ಪ ನನ್ನನ್ನೇ ನೋಡುತ್ತಿದ್ದರು. ಬರೆಯುವಾಗ ಅವರು ಹೇಳಿಕೊಟ್ಟದ್ದು ಖರೆ. ಆದರೆ ಬರೆದ ಕೈ ನನ್ನದು. ಅವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ನನ್ನನ್ನು ಎಬ್ಬಿಸಿ ನಿಲ್ಲಿಸಿತು.

"ಹತ್ತು ಮಂದಿ ಪಡಸಾಲ್ಯಾಗ ಉಂಡಿವಿ" ಎಂದೆ. "ಏಳು ವಿಕೆಟ್ ತಗದಾಂವಗ ದನದ ಕೊಟ್ಟಿಗ್ಯಾಗ ಎಲಿ ಹಾಕಿದ್ರು, ಊರ ಹೊರಗಿನ ಕೇರಿಯಾಂವ ಅಂತ. ಅಂವ ಎಲಿ ಮುಟ್ಟಲಿಲ್ಲ, ಎದ್ದು ಹೋದ. ಮರುದಿನ ಅಧ್ಯಕ್ಷರು ಅವನ ಹೆಸರ ತಂಡದಿಂದ ತಗದ್ರು. ಎದ್ದು ಕೇಳಿದಾಂವ ಬಂದೇಅಲಿ ಒಬ್ಬನೇ. ನಾ ಒಳಗ ಕುಂತಿದ್ದೆ. ಹೊಟ್ಟಿ ತುಂಬ ಉಂಡು ಎದ್ದೆ."

ಚಂದ್ರಾಮಪ್ಪ ಕುರ್ಚಿ ಒದ್ದು ಎದ್ದು ಹೋದರು. ಅರ್ಧ ಜನ ಅವರ ಹಿಂದೆ ಹೋದರು. ಉಳಿದವರು ತಲೆ ತಗ್ಗಿಸಿ ಕುಳಿತಿದ್ದರು. ಕಲ್ಲು ಒಗೆದವರೂ ಅವರಲ್ಲಿದ್ದರು.

ಪೀರಪ್ಪ ನನ್ನ ಹತ್ತಿರ ಬಂದ. ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ.

"ಇಷ್ಟ ಮಾತ ಹೇಳ್ಲಿಕ್ಕ ಇಪ್ಪತ್ತೊಂದು ವರ್ಷ ಬೇಕಾತೇನು?" ಎಂದ.

ಅವನು ಬಂದೇಅಲಿಯವರ ತೋಳು ಹಿಡಿದು ಎಬ್ಬಿಸಿದ; ಇಬ್ಬರೂ ವಾಡಿಯ ದಾರಿ ಹಿಡಿದರು. ಆ ದಿನ ಪಂದ್ಯ ನಡೆಯಲಿಲ್ಲ.