ಹಸಿರು ಗಾಡಿಯ ಹಾಡು

ಮದುವೆಯಲ್ಲಿ ಎರಡು ಮನೆತನ ಬೆರೆತರೆ ಅಕ್ಷತೆ ಹಾಕುತ್ತಾರೆ. ಅದೇ ಮದುವೆಯ ಕಸ ಬೆರೆತರೆ ಬೀಗ ಹಾಕುತ್ತಾರೆ. ಶಿಕಾರಿಪುರದಲ್ಲಿ ಕಲ್ಯಾಣ ಮಂಟಪ ನಡೆಸುವ ಮಹಾಂತೇಶನ ಸಂಕಟ ಇಷ್ಟೇ. ಹೊಸ ನಿಯಮ ಬಂದ ಮೇಲೆ ಊರಾಚೆಯ ಕಸದ ಗುಡ್ಡಕ್ಕೆ ಬೆರಕೆ ಮಾಲು ಹೋಗುವಂತಿಲ್ಲ. ಹಸಿಯದನ್ನು ಮಂಟಪದವರೇ ಗೊಬ್ಬರ ಮಾಡಬೇಕು, ಒಣದನ್ನು ಬೇರೆ ಮಾಡಿ ಕೊಡಬೇಕು. ಅವನ ಹಿತ್ತಿಲಲ್ಲೋ ಮೂರು ಮದುವೆಯ ನೀಲಿ ಅಂಚಿನ ಪ್ಲಾಸ್ಟಿಕ್ ತಟ್ಟೆ, ಲೋಟ, ಸಾರು, ಪಾಯಸ ಎಲ್ಲ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ, ಬರೀ ಕಸಿವಿಸಿ.

ಇನ್ನೊಮ್ಮೆ ಇಂಥದ್ದು ಕಂಡರೆ ಮಂಟಪ ಮುಚ್ಚಿಸುವುದಾಗಿ ಪುರಸಭೆಯವರು ಹೇಳಿ ಹೋಗಿದ್ದರು. ಶುಕ್ರವಾರ ಮತ್ತೆ ನೋಡಲು ಬರುತ್ತಾರೆ. ಭಾನುವಾರ ಅದೇ ಮಂಟಪದಲ್ಲಿ ಮಗಳು ಬಿಂದುಶ್ರೀಯ ಮದುವೆ. ಬೇರ್ಪಡಿಸಲು ಕರೆದ ಆಳುಗಳು ವಾಸನೆಗೇ ವಾಪಸು ಹೋದರು. ಹೆಂಡತಿ ನೀಲಾಂಬಿಕ ಮಾತ್ರ, "ಬಾಳೆಲಿ ಹಾಕ್ಸ್ರೀ ಅಂತ ಬಡ್ಕೊಂಡೆ, ಕೇಳಿದ್ರೇನ್ರೀ?" ಎಂದು ಎದುರಾದಾಗಲೆಲ್ಲ ಕೇಳುತ್ತಿದ್ದಳು. ಮಹಾಂತೇಶ ಉಪಾಯ ಹುಡುಕಿದ.

ಕತ್ತಲಲ್ಲಿ ಕದ್ದು ಸುರಿಯುವವರೆಲ್ಲ ಸಿಕ್ಕಿಬೀಳುತ್ತಾರೆ. ಹಗಲಲ್ಲಿ ಹಾಡುತ್ತ ಹೋಗುವ ಕಸದ ಗಾಡಿಯನ್ನು ಯಾರೂ ನೋಡುವುದಿಲ್ಲ. ಮೂಗು ಮುಚ್ಚಿ ಮುಖ ತಿರುಗಿಸುತ್ತಾರೆ. ಇದು ಹೊಳೆದಾಗ ಮಹಾಂತೇಶನಿಗೆ ತನ್ನ ಮೇಲೇ ಗೌರವ ಬಂತು. ಗುಜರಿಗೆ ಹೋಗಬೇಕಿದ್ದ ತನ್ನ ಗೂಡ್ಸ್ ಆಟೊಗೆ ಹಸಿರು ಬಣ್ಣ ಬಳಿದ, ನೆತ್ತಿಗೆ ಸ್ಪೀಕರ್ ಕಟ್ಟಿದ. ಬೀದಿಗೆ ಬರುವ ಪುರಸಭೆಯ ಗಾಡಿಯಿಂದ ಕಸದ ಹಾಡನ್ನು ಮೊಬೈಲಿಗೆ ಇಳಿಸಿಕೊಂಡ. ಇನ್ನು ಬೇಕಾದದ್ದು ಡ್ರೈವರ್; ಅದಕ್ಕೆ ತಾನೇ ಸಾಕು ಎಂದುಕೊಂಡ.

ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮಿ ಬಹುಮಾನ ಗೆದ್ದವನು ಅವನು. ಪುರಸಭೆಯ ಗಾಡಿಯ ಡ್ರೈವರ್ ಸುರೇಶನನ್ನು ಕಿಟಕಿಯಿಂದ ನೋಡಿ ನೋಡಿ ಕಲಿತ: ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿರಬೇಕು, ಮೊಣಕೈ ಹೊರಗಿರಬೇಕು, ಕೆನ್ನೆಯಲ್ಲಿ ಎಲೆಅಡಿಕೆ ಇರಬೇಕು, "ಜಲ್ದಿ ಬರ್ರೀ ಅಕ್ಕಾ" ಎನ್ನುವಾಗ ಕೊನೆಯ ಅಕ್ಷರ ಆಕಳಿಕೆಯಾಗಬೇಕು. ಅಸಲಿಗಿಂತ ನಕಲೇ ಮೇಲೆನ್ನಿಸಿದಾಗ ಅಭ್ಯಾಸ ನಿಲ್ಲಿಸಿದ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ರಾಶಿಗೆ ಕೈಹಾಕಿದ. ಲಗ್ನಪತ್ರಿಕೆ, ಮಂಟಪದ ಹೆಸರಿದ್ದ ತಾಂಬೂಲದ ಚೀಲ, ಒಂದನ್ನೂ ಬಿಡದೆ ಆರಿಸಿದ. ಕಸ ಬೇರ್ಪಡಿಸಲಾರೆ ಎಂದವನು ಪುರಾವೆಯನ್ನು ಚೊಕ್ಕವಾಗಿ ಬೇರ್ಪಡಿಸಿದ. ಉಳಿದದ್ದನ್ನು ಗಾಡಿಗೆ ತುಂಬಿ ಮೇಲೆ ಒಣ ಸೊಪ್ಪು ಹೊದಿಸಿದ.

ಸೊರಬದ ಕಡೆ, ಹೊಸಬಾಳೆಯ ಆಚೆ, ಕಲ್ಲು ತೆಗೆದು ಬಿಟ್ಟ ಗುಂಡಿಯೊಂದಿತ್ತು. ಬೇರೆ ತಾಲೂಕು, ಬೇರೆ ಮುಖಗಳು. ಗಾಡಿ ಅತ್ತ ಹೊರಟಿತು. ಶಿರಾಳಕೊಪ್ಪದಲ್ಲಿ ಪೊಲೀಸನೊಬ್ಬ ಮೂಗು ಮುಚ್ಚಿಕೊಂಡು ದಾರಿ ಬಿಟ್ಟ. ಉತ್ಸಾಹದಲ್ಲಿ ಮಹಾಂತೇಶ ಹಾಡಿನ ಸದ್ದು ಏರಿಸಿದ.

ಏರಿಸಬಾರದಿತ್ತು. ಹೊಸಬಾಳೆ ಹೊಕ್ಕದ್ದೇ ಹೆಂಗಸರು ಬಕೆಟ್ ಹಿಡಿದು ಓಡಿಬಂದರು. ನಿಲ್ಲಿಸದಿದ್ದರೆ ಅನುಮಾನ, ನಿಲ್ಲಿಸಿದರೆ ಕಸ. ನಿಲ್ಲಿಸಿದ. ಮುಂದಕ್ಕೆ ಬರದೆ ಹಿಂದಿನಿಂದಲೇ ಸುರಿದರು. ಕಸ ಹಾಕಲು ಬಂದವನಿಗೆ ಊರೇ ಕಸ ಹಾಕಿತು. ಗುಂಡಿಗೆ ಹೋಗುವ ತಿರುವು ಕಣ್ಣೆದುರೇ ಇತ್ತು; ಆದರೆ ಗಾಡಿಗೆ ಅಡ್ಡವಾಗಿ, ಎಲ್ಲರೂ ವನಜಮ್ಮ ಎನ್ನುತ್ತಿದ್ದ ಮುದುಕಿ ಎರಡು ಬಕೆಟ್ ಹಿಡಿದು ನಿಂತುಬಿಟ್ಟಿದ್ದಳು.

"ಎಂತ ಮಾರಾಯ, ಲೋಕಮ್ಮ ಎಲ್ಲಿ?"

ಲೋಕಮ್ಮ ಎಂದರೆ ಪಕ್ಕದ ಮನೆಯಾಕೆ ಇರಬೇಕು ಎಂದುಕೊಂಡ. ಮಹಾಂತೇಶ ಮೊಣಕೈ ಹೊರಹಾಕಿ ಸುರೇಶನ ಆಕಳಿಕೆ ಎಳೆದ. "ಲೋಕಮ್ಮಂದು ಆಗ್ಲೇ ಹಾಕ್ಕೊಂಡು ಬಂದೆ, ಅಮ್ಮಾ."

ಬಕೆಟುಗಳು ನೆಲಕ್ಕಿಳಿದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವನಜಮ್ಮ ಒಳಗೆ ಕೈಹಾಕಿ ಗಾಡಿಯ ಕೀ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅವನು ಹೊರಗಿಟ್ಟಿದ್ದ ಮೊಣಕೈಯನ್ನು ಒಳಗೆಳೆದುಕೊಂಡ. ಬಿಂದುಶ್ರೀಯ ಮುಖ ಒಮ್ಮೆ ಕಣ್ಣಮುಂದೆ ಹಾದುಹೋಯಿತು. ನೆತ್ತಿಯ ಮೇಲೆ ಹಾಡು ಮಾತ್ರ ತನ್ನ ಪಾಡಿಗೆ ತಾನು ಹಾಡುತ್ತಿತ್ತು.

ಅಷ್ಟರಲ್ಲಿ ಹಿಂದೆ ಇನ್ನೊಂದು ಹಸಿರು ಗಾಡಿ ಬಂದು ನಿಂತಿತು. ಸೀರೆಯ ಮೇಲೆ ಕೋಟು ತೊಟ್ಟ ಡ್ರೈವರ್ ಇಳಿದಳು. ಎಲ್ಲರೂ "ಲೋಕಮ್ಮ ಬಂದ್ಳು" ಎಂದು ದಾರಿ ಬಿಟ್ಟರು. ಟೌನಿನ ಸುರೇಶನನ್ನು ಅಷ್ಟು ಚೆನ್ನಾಗಿ ಕಲಿತವನಿಗೆ ಇದೊಂದು ನೆನಪಾಗಿರಲಿಲ್ಲ: ಹಳ್ಳಿಗಳಲ್ಲಿ ಕಸದ ಗಾಡಿ ಓಡಿಸುವುದು ಸ್ವಸಹಾಯ ಸಂಘದ ಹೆಂಗಸರು. ಗೊತ್ತಿರಲಿಲ್ಲವೆಂದೂ ಅಲ್ಲ. ಎರಡೂ ತಾಲೂಕಿನ ಹೆಂಗಸರು ಡ್ರೈವಿಂಗ್ ಕಲಿತು ಮುಗಿಸಿದಾಗ ಸನ್ಮಾನ ನಡೆದದ್ದು ಅವನ ಮಂಟಪದಲ್ಲೇ. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಕೈಮುಗಿದು ಊಟಕ್ಕೆ ಕಳಿಸಿದ್ದ. ಲೋಕಮ್ಮ ಸೊಪ್ಪು ಸರಿಸಿ ನೀಲಿ ಅಂಚಿನ ತಟ್ಟೆಯೊಂದನ್ನು ಎಳೆದಳು, ಅದನ್ನು ನೋಡಿದಳು, ಅವನನ್ನು ನೋಡಿದಳು. "ಅವತ್ತು ಊಟ ಬಾಳ ಚೆನ್ನಾಗಿತ್ತು, ಅಣ್ಣಾ. ತಟ್ಟೆ ಇದೇ ಅಲ್ವನಾ?"