ಕುರ್ಚಿ ಜಗಲಿಗೆ ಹೋಯಿತು

“ಸೊಂಟ ಮುರ್ಕೊಂಡೋರು ನೆಟ್ಟಗೆ ನಡೆದದ್ದ ನಾ ಕಂಡಿಲ್ಲ ಕಣಕ್ಕ. ನಮ್ ದೊಡ್ಡವ್ವನೂ ಇಂಗೇ ಮಲಗಿದ್ದು, ಏಳ್ಲೇ ಇಲ್ಲ,” ಎಂದು ಹೇಳಿ, ಪಕ್ಕದ ಬೀದಿಯ ಮರಿತಾಯಮ್ಮ ತಾವೇ ತಂದ ಬಾಳೆಹಣ್ಣನ್ನು ತಾವೇ ಸುಲಿದು ಬಾಯಿಗಿಟ್ಟರು.

ಮಂಚದ ಮೇಲಿದ್ದ ಪಟ್ಟಲಮ್ಮಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದರು. ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮೊಮ್ಮಗಳು ನಯನಳಿಗೆ ಮೈಯೆಲ್ಲ ಉರಿಯಿತು.

ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಅಜ್ಜಿಯ ಸೊಂಟಕ್ಕೆ ಹೊಸ ಕೀಲು ಹಾಕಿದ್ದರು. “ವಾಕರ್ ಹಿಡಿದು ದಿನಾ ನಡೀಬೇಕು, ಹೆದರಬೇಡಿ,” ಎಂದಿದ್ದರು ಡಾಕ್ಟರು. ಮೊದಮೊದಲು ಅಜ್ಜಿ ನಡೆದರು ಕೂಡ. ಆದರೆ ನೋಡಲು ಬಂದವರೆಲ್ಲ “ಅಯ್ಯೋ ಪಾಪ” ಎಂದು ಒಂದೊಂದು ಕತೆ ಹೇಳಿ ಹೋದರು. ಈಗ ಅಜ್ಜಿ ಬಚ್ಚಲಿಗೆ ಹೋಗಿ ಬರುವುದಷ್ಟೇ, ಉಳಿದಂತೆ ಮಂಚವೇ ಗತಿ. ಹಾಗಂತ ಬಂದವರಿಗೆ ಬರಬೇಡಿ ಎನ್ನಲಾದೀತೇ?

ಮರುದಿನ ಸ್ಕೂಲಿನಿಂದ ಬಂದವಳೇ ನಯನ ಮನೆಯ ಎರಡೂ ಕುರ್ಚಿಗಳನ್ನು ಎಳೆದುಕೊಂಡು ಹೋಗಿ ಜಗಲಿಯಲ್ಲಿ ಹಾಕಿದಳು. ಎತ್ತರದ್ದು ಅಜ್ಜಿಗೆ. ಅದು ಅಲುಗಾಡದಂತೆ ಗೋಡೆಗೆ ಒತ್ತಿ ಇಟ್ಟಳು.

ಸಂಜೆ ಮರಿತಾಯಮ್ಮ ಬಂದೇ ಬಂದರು.

“ಇಲ್ಲೇ ಕೂತ್ಕೊಳಿ. ಅಜ್ಜಿ ಬತ್ತದೆ,” ಎಂದಳು ನಯನ.

“ನಾನೆಲ್ಲಿಗಮ್ಮಿ ಬರ್ಲಿ?” ಅಜ್ಜಿ ಒಳಗಿನಿಂದಲೇ ಗದರಿದರು. “ಕುರ್ಚಿ ಒಳಕ್ ತತ್ತಾ.”

“ತರಾಕಿಲ್ಲ. ಮನೆಗ್ ಬಂದೋರ್ನ ಮಾತಾಡಿಸ್ದೆ ಕಳಿಸ್ಬಾರ್ದು ಅಂತ ನೀನೇ ತಾನೆ ಹೇಳೋದು?”

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ವಾಕರಿನ ಟಕ್ ಟಕ್ ಕೇಳಿಸಿತು. ಅಜ್ಜಿಯ ಹಿಂದೆಯೇ ನಯನಳ ಅಮ್ಮನೂ ಬಂದಳು.

ಹೊಸಿಲ ಬಳಿ ಅಜ್ಜಿ ನಿಂತುಬಿಟ್ಟರು. ಹಣೆ ಬೆವರಿತ್ತು. ಅಜ್ಜಿ ಬಿದ್ದುಬಿಟ್ಟರೆ? ನಯನ ಓಡಿಹೋಗಿ ರಟ್ಟೆ ಹಿಡಿದಳು.

“ಬುಡಮ್ಮಿ ಕೈಯ! ಆಚೆಗ್ ಕರ್ದೋಳೂ ನೀನೇ, ಈಗ ಹಿಡ್ಕೊಳೋಳೂ ನೀನೇಯಾ?”

ನಯನ ಕೈ ಬಿಟ್ಟಳು. ಅಜ್ಜಿ ವಾಕರನ್ನು ಎತ್ತಿ ಹೊಸಿಲಿನಾಚೆ ಊರಿದರು. ಒಂದು ಕಾಲು ದಾಟಿತು. ಹಲ್ಲು ಕಚ್ಚಿಕೊಂಡು ಇನ್ನೊಂದನ್ನೂ ದಾಟಿಸಿದರು.

“ಎದ್ ಬಂದ್ಬುಟ್ಟೆಯಲ್ಲಕ್ಕಾ! ನೋವಿಲ್ವಾ?” ಮರಿತಾಯಮ್ಮ ಮೂಗಿನ ಮೇಲೆ ಬೆರಳಿಟ್ಟರು.

“ನೋವದೆ. ಅದ್ಕೇನೀಗ?” ಅಜ್ಜಿ ಕುರ್ಚಿಯಲ್ಲಿ ಕುಳಿತು ಬೀದಿಯನ್ನು ಆ ತುದಿಯಿಂದ ಈ ತುದಿವರೆಗೆ ನೋಡಿದರು. “ನಿಮ್ ದೊಡ್ಡವ್ವನ ಕತೆ ಸಾಕು. ಊರಲ್ಲೇನ್ ಸಮಾಚಾರ, ಅದ ಹೇಳು.”

ಮರಿತಾಯಮ್ಮ ಹೋದ ಮೇಲೆ ಅಜ್ಜಿ ವಾಕರ್ ಹಿಡಿದು ಎದ್ದರು. ನಯನಳ ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದು, ಬೆನ್ನ ಹಿಂದೆ ಕೈ ಕಟ್ಟಿಕೊಂಡಳು. ಹಿಡಿಯದೆ ಜೊತೆಗೆ ನಡೆಯುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಅಜ್ಜಿ ಹೊಸಿಲು ದಾಟುವವರೆಗೆ ಅವಳು ಕೈ ಮುಂದೆ ತರಲಿಲ್ಲ.